ಒಂಟಿ ಚಕ್ರದ ಟೈರು: ಬದಲಿಸುವ ಕಾಲ ಯಾವುದು?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಕ್ಯಾಲಿಫೋರ್ನಿಯದಲ್ಲಿದ್ದಾನೆ. ಮನೆಯಿಂದ ಕಚೇರಿಗೆ ಹೋಗಿಬರಲು ಅವನು ಬಳಸುವುದು ಒಂದೇ ಚಕ್ರವಿರುವ ವಿದ್ಯುತ್ ವಾಹನವನ್ನು. ಕಳೆದ ವರ್ಷ ಅದರ ಟೈರಿನ ಚಿತ್ರವೊಂದನ್ನು ಕಳಿಸಿ ಹೀಗೆ ಕೇಳಿದ: "ಸರ್, ನಡುವಿನ ಗೀರುಗಳು ಇನ್ನೂ ಎರಡು ಮಿಲಿಮೀಟರ್ ಆಳ ಇವೆ. ಹೊಸದಾಗಿದ್ದಾಗ ನಾಲ್ಕು ಇದ್ದವು. ಕಾರಿನ ಲೆಕ್ಕದಲ್ಲಿ ಟೈರು ಇನ್ನೂ ಚೆನ್ನಾಗಿದೆ. ಆದರೆ ತಿರುವಿನಲ್ಲಿ ಗಾಡಿ ಮೊದಲಿನಂತೆ ವಾಲುತ್ತಿಲ್ಲ. ಬದಲಿಸಬೇಕೇ?"

ಪ್ರಶ್ನೆ ಸಣ್ಣದು. ಆದರೆ ಅದರಲ್ಲಿ 'ಕಾರಿನ ಲೆಕ್ಕ' ಎಂಬ ಮಾತಿದೆಯಲ್ಲ, ಅದು ನನ್ನನ್ನು ಯೋಚನೆಗೆ ಹಚ್ಚಿತು. ಟೈರು ಸವೆದಿದೆ ಎಂದು ಹೇಳಲು ನಾವು ಬಳಸುವ ಗುರುತುಗಳು ಎಲ್ಲಿಂದ ಬಂದವು? ಒಂದು ವಾಹನಕ್ಕಾಗಿ ಹುಟ್ಟಿದ ಗುರುತು ಇನ್ನೊಂದಕ್ಕೆ ಸಲ್ಲುತ್ತದೆಯೇ?

ಓದುಗರಲ್ಲಿ ಅನೇಕರು ಈ ವಾಹನವನ್ನು ನೋಡಿರಲಾರಿರಿ. ಸರ್ಕಸ್ಸಿನ ಒಂಟಿ ಚಕ್ರದ ಸೈಕಲ್ಲನ್ನು ನೆನೆಸಿಕೊಂಡು, ಅದರ ಸೀಟನ್ನೂ ತುಳಿಯುವ ಪೆಡಲನ್ನೂ ತೆಗೆದುಹಾಕಿ. ಚಕ್ರದ ಎರಡೂ ಪಕ್ಕಗಳಲ್ಲಿ ಪಾದವಿಡಲು ಒಂದೊಂದು ಚಿಕ್ಕ ಹಲಗೆ, ಚಕ್ರದ ನಡುವೆಯೇ ಮೋಟಾರು, ಸುತ್ತಲೂ ಪ್ಲಾಸ್ಟಿಕ್ ಕವಚ, ಅದರೊಳಗೆ ಬ್ಯಾಟರಿ. ಸವಾರ ನಿಂತೇ ಹೋಗಬೇಕು. ಮುಂದಕ್ಕೆ ಬಾಗಿದರೆ ವೇಗ ಹೆಚ್ಚುತ್ತದೆ, ಹಿಂದಕ್ಕೆ ಬಾಗಿದರೆ ಕಡಿಮೆಯಾಗುತ್ತದೆ. ಡೀನ್ ಕಾಮೆನ್ 2001ರಲ್ಲಿ ಪ್ರಕಟಿಸಿದ ಸೆಗ್ವೇ ವಾಹನದಲ್ಲಿ ಎರಡು ಚಕ್ರಗಳು ಅಕ್ಕಪಕ್ಕದಲ್ಲಿದ್ದವು. 2010ರ ದಶಕದ ಆರಂಭದಲ್ಲಿ ಅಮೆರಿಕದ ಶೇನ್ ಚೆನ್ ಎಂಬ ಸಂಶೋಧಕರು 'ಸೋಲೋವೀಲ್' ಎಂಬ ಹೆಸರಿನಲ್ಲಿ ಒಂದೇ ಚಕ್ರದ ಮಾದರಿಯನ್ನು ಮಾರುಕಟ್ಟೆಗೆ ತಂದರು. ಅದು ಕೈಯಲ್ಲಿ ಎತ್ತಿಕೊಂಡು ಬಸ್ಸು ಹತ್ತಬಹುದಾದಷ್ಟು ಹಗುರ. ಅನಂತರ ಚೀನದ ತಯಾರಕರು ಇದನ್ನು ಬೆಳೆಸಿದರು. 2020ರಲ್ಲಿ ಬಂದ 'ಶರ್ಮನ್' ಎಂಬ ಮಾದರಿಯ ತೂಕ ಸುಮಾರು 35 ಕಿಲೋಗ್ರಾಮ್. ಅದು ಮೋಟಾರು ಸೈಕಲ್ಲಿನ ವೇಗದಲ್ಲಿ ಓಡಬಲ್ಲದು.

ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವ ಆಟವನ್ನು ನೀವು ಆಡಿರಬಹುದು. ಕೋಲು ಯಾವ ಕಡೆಗೆ ಬೀಳುತ್ತದೋ ಆ ಕಡೆಗೆ ಅಂಗೈಯನ್ನು ಸರಿಸಿದರೆ ಕೋಲು ನಿಲ್ಲುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ತಲೆಕೆಳಗಾದ ಲೋಲಕ ಎನ್ನುತ್ತೇವೆ. ಒಂಟಿ ಚಕ್ರದ ವಾಹನದಲ್ಲಿ ಸವಾರನೇ ಕೋಲು, ಚಕ್ರವೇ ಅಂಗೈ. ವಾಲಿಕೆಯನ್ನು ಅಳೆಯಲು ಗೈರೋಸ್ಕೋಪ್ ಇದೆ, ಚಕ್ರವನ್ನು ಸರಿಸಲು ಮೋಟಾರು ಇದೆ. ಆದರೆ ಈ ಸಲಕರಣೆಗಳೆಲ್ಲ ಕೆಲಸ ಮಾಡುವುದು ಟೈರಿಗೂ ರಸ್ತೆಗೂ ನಡುವೆ ಘರ್ಷಣೆ ಇದ್ದರೆ ಮಾತ್ರ. ಸವಾರನೂ ವಾಹನವೂ ಸೇರಿ 100 ಕಿಲೋಗ್ರಾಮ್ ಎಂದಿಟ್ಟುಕೊಳ್ಳಿ; ತೂಕ ಸುಮಾರು 1000 ನ್ಯೂಟನ್. ಟೈರಿನ ಗಾಳಿಯ ಒತ್ತಡ 2.5 ಬಾರ್ ಇದ್ದರೆ ನೆಲಕ್ಕೆ ತಾಗುವ ಭಾಗ ಸುಮಾರು 40 ಚದರ ಸೆಂಟಿಮೀಟರ್. ಅಂದರೆ ಅಂಗೈಗಿಂತ ಚಿಕ್ಕದು. ಓಟ, ನಿಲುಗಡೆ, ತಿರುವು, ಸಮತೋಲ ನಾಲ್ಕೂ ಇಷ್ಟೇ ಜಾಗದಲ್ಲಿ ನಡೆಯಬೇಕು.

ತೊಗಲಿನ ಹೊದಿಕೆಯಿಂದ ಕಪ್ಪು ರಬ್ಬರಿಗೆ

ಗಾಳಿ ತುಂಬಿದ ಟೈರನ್ನು ಮೊದಲು ಕಲ್ಪಿಸಿದವನು ಡನ್‌ಲಪ್ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ನಿಜವಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಮ್ ಥಾಮ್ಸನ್ 1845ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆಗ ಅವನಿಗೆ ಇಪ್ಪತ್ತಮೂರು ವರ್ಷ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸುವ ವಲ್ಕನೀಕರಣವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು, 1844ರಲ್ಲಿ ಪೇಟೆಂಟ್ ಪಡೆದಿದ್ದನಷ್ಟೆ. ಥಾಮ್ಸನ್ನನ ಚಕ್ರದಲ್ಲಿ ಗಾಳಿಯನ್ನು ಹಿಡಿದಿಡಲು ರಬ್ಬರು ಲೇಪಿಸಿದ ಬಟ್ಟೆಯ ಕೊಳವೆ ಇತ್ತು. ರಸ್ತೆಯ ಉಜ್ಜುವಿಕೆಯನ್ನು ತಾಳಲು ಅದರ ಮೇಲೆ ತೊಗಲಿನ ಹೊದಿಕೆ ಇತ್ತು. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಗಾಡಿಗೆ ಇವನ್ನು ಹಾಕಿ ತೋರಿಸಿದ. ಈ ಜೋಡಣೆಯನ್ನು ಗಮನಿಸಿ. ಗಾಳಿ ಹಿಡಿಯುವ ಭಾಗ ಬೇರೆ, ಸವೆಯುವ ಭಾಗ ಬೇರೆ. ತೊಗಲು ಹರಿದದ್ದು ಕಣ್ಣಿಗೆ ಕಾಣುತ್ತದೆ, ಚಪ್ಪಲಿಯ ಅಟ್ಟೆ ಹರಿದಂತೆ. ಬದಲಿಸುವ ಕಾಲ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಥಾಮ್ಸನ್ನನ ಚಕ್ರ ಮರೆತುಹೋಯಿತು. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ 1887-88ರಲ್ಲಿ ಗಾಳಿ ಟೈರನ್ನು ಮತ್ತೆ ಕಂಡುಹಿಡಿದ. 1888ರಲ್ಲಿ ಅವನಿಗೆ ದೊರೆತ ಪೇಟೆಂಟು ಥಾಮ್ಸನ್ನನ ಹಳೆಯ ಕಾಗದ ಪತ್ತೆಯಾದ ಮೇಲೆ ಅಸಿಂಧುವಾಯಿತು. ಅಷ್ಟರಲ್ಲಿ ಸೈಕಲ್ಲು ಜನಪ್ರಿಯವಾಗಿತ್ತು, ಕಂಪನಿಯೂ ಬೇರೂರಿತ್ತು.

ಡನ್‌ಲಪ್ಪನ ಮೊದಲ ಟೈರುಗಳಿಗೆ ಒಂದು ದೋಷವಿತ್ತು. ಅವನ್ನು ಚಕ್ರದ ಅಂಚಿಗೆ ಅಂಟಿಸಲಾಗುತ್ತಿತ್ತು. ಪಂಕ್ಚರ್ ಆದರೆ ಅಂಟನ್ನು ಬಿಡಿಸಬೇಕು, ತೇಪೆ ಹಾಕಬೇಕು, ಮತ್ತೆ ಅಂಟಿಸಿ ಒಣಗಲು ಬಿಡಬೇಕು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ ಊರಿನ ಮಿಶೆಲಿನ್ ಸಹೋದರರ ಕಾರ್ಖಾನೆಗೆ ಇಂಥದ್ದೊಂದು ಸೈಕಲ್ಲು ದುರಸ್ತಿಗೆ ಬಂತು. ಕೆಲಸಕ್ಕೆ ಕೆಲವು ಗಂಟೆಗಳೂ, ಅಂಟು ಒಣಗಲು ಒಂದು ಇಡೀ ರಾತ್ರಿಯೂ ಹಿಡಿದವು. 1891ರಲ್ಲಿ ಅವರು ಬಿಚ್ಚಿ ಹಾಕಬಹುದಾದ ಟೈರನ್ನು ಹೊರತಂದರು. ಅದೇ ವರ್ಷ ನಡೆದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸೈಕಲ್ ಪಂದ್ಯದಲ್ಲಿ ಶಾರ್ಲ್ ತೆರೋಂ ಆ ಟೈರುಗಳಲ್ಲಿ ಸುಮಾರು 1200 ಕಿಲೋಮೀಟರ್ ಓಡಿಸಿ ಗೆದ್ದ.

ಈ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲು ಕಾರಣವಿದೆ. ಒಂಟಿ ಚಕ್ರದ ವಿದ್ಯುತ್ ವಾಹನಗಳ ಪೈಕಿ ಹೆಚ್ಚಿನವು ಈ ವಿಷಯದಲ್ಲಿ ಇನ್ನೂ 1889ರಲ್ಲೇ ಇವೆ. ಟೈರು ಬದಲಿಸಲು ಕವಚ ಬಿಚ್ಚಬೇಕು, ಪಾದದ ಹಲಗೆಗಳನ್ನು ಕಳಚಬೇಕು, ಮೋಟಾರಿನ ತಂತಿಗಳನ್ನು ಜಾಗರೂಕತೆಯಿಂದ ಬಿಡಿಸಬೇಕು. ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರು ಸ್ಕೂಟರಿನ ಚಕ್ರವನ್ನು ಹತ್ತು ನಿಮಿಷಕ್ಕೆ ಬಿಚ್ಚಿ ಹಾಕುತ್ತಾರೆ. ಇಲ್ಲಿ ಅರ್ಧ ದಿನದ ಕೆಲಸ. ಕೆಲಸ ಕಷ್ಟವಾದಷ್ಟೂ 'ಇನ್ನೊಂದು ತಿಂಗಳು ನಡೆಯಲಿ' ಎನ್ನುವುದು ಮನುಷ್ಯ ಸ್ವಭಾವ. ನನ್ನ ವಿದ್ಯಾರ್ಥಿ ಅಳತೆಗೋಲು ಹಿಡಿದು ಎರಡು ಮಿಲಿಮೀಟರಿನ ಸಮರ್ಥನೆ ಹುಡುಕಿದ್ದೂ ಬಹುಶಃ ಇದಕ್ಕಾಗಿಯೇ.

ಆರಂಭದ ಕಾರು ಟೈರುಗಳು ಬಿಳಿಯ ಬಣ್ಣದವು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ರಬ್ಬರಿಗೆ ಸತುವಿನ ಆಕ್ಸೈಡನ್ನು ಬೆರೆಸುತ್ತಿದ್ದುದರಿಂದ ಆ ಬಣ್ಣ. 1904ರಲ್ಲಿ ಲಂಡನ್ನಿನ ಸಿಲ್ವರ್‌ಟೌನ್ ಕಾರ್ಖಾನೆಯಲ್ಲಿ ಎಸ್.ಸಿ. ಮೋಟ್ ಎಂಬ ರಸಾಯನಜ್ಞ ರಬ್ಬರಿಗೆ ಕಾಡಿಗೆಯಂಥ ಇಂಗಾಲದ ಕಪ್ಪುಪುಡಿ ಬೆರೆಸಿದರೆ ಅದರ ಬಲ ಬಹಳ ಹೆಚ್ಚುತ್ತದೆಂದು ಕಂಡುಕೊಂಡ. 1910ರ ದಶಕದಲ್ಲಿ ಅಮೆರಿಕದ ತಯಾರಕರು ಇದನ್ನು ಟೈರುಗಳಿಗೆ ಅಳವಡಿಸಿದರು. ಟೈರಿನ ಆಯುಸ್ಸು ಹಲವು ಪಟ್ಟು ಹೆಚ್ಚಿತು. ಸವೆದುಹೋಯಿತೇ ಎಂಬ ಪ್ರಶ್ನೆ ಮುಖ್ಯವಾದದ್ದು ಆಗಲೇ ಎಂದು ನನ್ನ ಅಭಿಪ್ರಾಯ. ಅದಕ್ಕೆ ಮೊದಲು ಟೈರುಗಳು ಸವೆಯುವುದಕ್ಕೆ ಮುನ್ನವೇ ಒಡೆದು, ಹರಿದು ಹಾಳಾಗುತ್ತಿದ್ದವು. ದೀರ್ಘಾಯು ಬಂದ ಮೇಲೆಯೇ ಮುಪ್ಪಿನ ಲಕ್ಷಣಗಳನ್ನು ಗುರುತಿಸಬೇಕಾಗಿ ಬಂತು.

1.6 ಎಂಬ ಅಂಕಿ

ಟೈರಿನ ಮೇಲಿನ ಗೀರುಗಳು ಯಾವುದಕ್ಕೆ? ಹಿಡಿತಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ಒಣಗಿದ ಡಾಂಬರು ರಸ್ತೆಯ ಮೇಲೆ ಇದು ಸುಳ್ಳು. ಅಲ್ಲಿ ಬೋಳು ಟೈರೇ ಹೆಚ್ಚು ಹಿಡಿಯುತ್ತದೆ. ಕಾರು ಪಂದ್ಯಗಳಲ್ಲಿ ಒಣ ರಸ್ತೆಗೆ ಗೀರಿಲ್ಲದ ಟೈರುಗಳನ್ನೇ ಹಾಕುವುದು ಅದಕ್ಕೆ. ಗೀರುಗಳ ಮುಖ್ಯ ಕೆಲಸ ನೀರನ್ನು ಹೊರಗೆ ಹರಿಸುವುದು. ನೀರಿಗೆ ದಾರಿ ಸಿಗದಿದ್ದರೆ ವೇಗವಾಗಿ ಹೋಗುವ ಟೈರು ನೀರಿನ ಪದರದ ಮೇಲೇರಿ ತೇಲತೊಡಗುತ್ತದೆ. ಆಗ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ.

ಇದನ್ನು ವ್ಯವಸ್ಥಿತವಾಗಿ ಪರಿಶೀಲಿಸಿದವರು ವಿಮಾನದ ಚಕ್ರಗಳ ಸಂಶೋಧಕರು. ಅಮೆರಿಕದ ನಾಸಾ ಸಂಸ್ಥೆಯ ಲ್ಯಾಂಗ್ಲಿ ಕೇಂದ್ರದಲ್ಲಿ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು ನೀರು ನಿಂತ ಪಥದ ಮೇಲೆ ಟೈರುಗಳನ್ನು ಓಡಿಸಿ, 1963ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ತೇಲುವಿಕೆ ಶುರುವಾಗುವ ವೇಗ, ನಾಟ್‌ಗಳಲ್ಲಿ, ಟೈರಿನ ಗಾಳಿಯ ಒತ್ತಡದ ವರ್ಗಮೂಲದ ಒಂಬತ್ತರಷ್ಟು. ಒತ್ತಡವನ್ನು ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂದು ಹಿಡಿಯಬೇಕು. ಒತ್ತಡ 30 ಇರುವ ಕಾರಿಗೆ ಲೆಕ್ಕ ಹಾಕಿ. ಸುಮಾರು 49 ನಾಟ್, ಅಂದರೆ ಗಂಟೆಗೆ 91 ಕಿಲೋಮೀಟರ್ ಬರುತ್ತದೆ. ಹೆದ್ದಾರಿಯ ವೇಗ ಅದೇ. ನಿಂತ ನೀರಿಗಿಂತ ಗೀರುಗಳ ಆಳ ಕಡಿಮೆಯಾದಾಗ ಈ ಅಪಾಯ ಎದುರಾಗುತ್ತದೆ.

ಅದೇ ದಶಕದಲ್ಲಿ ಸರ್ಕಾರಗಳು ಗೀರಿನ ಆಳಕ್ಕೆ ಅಂಕಿ ನಿಗದಿ ಮಾಡಿದವು. ಅಮೆರಿಕದಲ್ಲಿ 1968ರಿಂದ, ಆಳ ಅಂಗುಲದ ಹದಿನಾರನೇ ಒಂದು ಭಾಗಕ್ಕೆ ಇಳಿದಾಗ ಗೀರಿನ ತಳದಿಂದ ಮೇಲಕ್ಕೆ ಕಾಣಿಸಿಕೊಳ್ಳುವ ದಿಣ್ಣೆಗಳನ್ನು ಕಾರು ಟೈರಿನಲ್ಲೇ ಎರಕ ಹೊಯ್ಯುವುದು ಕಡ್ಡಾಯವಾಯಿತು. ಅದೇ ನಮ್ಮ 1.6 ಮಿಲಿಮೀಟರ್. ಬ್ರಿಟನ್ 1968ರಲ್ಲಿ 1 ಮಿಲಿಮೀಟರ್ ಸಾಕೆಂದಿತು. 1992ರಲ್ಲಿ ಯುರೋಪಿನ ಇತರ ದೇಶಗಳೊಂದಿಗೆ 1.6ಕ್ಕೆ ಏರಿಸಿತು. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳೂ ಕಾರು ಮೊದಲಾದವುಗಳಿಗೆ 1.6 ಎನ್ನುತ್ತವೆ, ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಅದರ ಅರ್ಧ, 0.8 ಮಿಲಿಮೀಟರ್.

ಈಗ ಹಾರ್ನ್ ಸೂತ್ರವನ್ನು ಒಂಟಿ ಚಕ್ರಕ್ಕೆ ಹಾಕೋಣ. 2.5 ಬಾರ್ ಎಂದರೆ ಸುಮಾರು 36 ಪೌಂಡ್. ವರ್ಗಮೂಲ 6, ಒಂಬತ್ತರಿಂದ ಗುಣಿಸಿದರೆ 54 ನಾಟ್, ಅಂದರೆ ಗಂಟೆಗೆ 100 ಕಿಲೋಮೀಟರ್. ಸಾಮಾನ್ಯ ಸವಾರ 30-40ರಲ್ಲಿ ಹೋಗುತ್ತಾನೆ. ಮೇಲಾಗಿ ಟೈರು ಕಿರಿದು, ದುಂಡು. ದೋಣಿಯ ಮೂತಿಯಂತೆ ನೀರನ್ನು ಸೀಳುತ್ತದೆ. ಆದ್ದರಿಂದ ಅವನು ತೇಲಿ ಬೀಳುವ ಸಂಭವ ಬಹಳ ಕಡಿಮೆ. ಇದರ ಅರ್ಥ ಗೀರುಗಳೇ ಬೇಡವೆಂದಲ್ಲ. ಕೆಸರು, ಸಡಿಲ ಮಣ್ಣು, ಒದ್ದೆ ಎಲೆಗಳ ಮೇಲೆ ಅವು ಬೇಕು. ಮೆತ್ತನೆಯ ಓಟಕ್ಕಾಗಿ ಗಾಳಿಯನ್ನು 20 ಪೌಂಡಿಗೆ ಇಳಿಸುವವರೂ ಇದ್ದಾರೆ. ಅವರ ಪಾಲಿಗೆ ಆ ನೂರು 75ಕ್ಕೆ ಕುಸಿಯುತ್ತದೆ, ಶರ್ಮನ್ನಿನಂಥ ಗಾಡಿಗಳಿಗೆ ಅದು ದೂರದ ವೇಗವೇನಲ್ಲ. ಆದರೂ ನೆಮ್ಮದಿಯಾಗಿ ಕಚೇರಿಗೆ ಹೋಗುವ ನನ್ನ ವಿದ್ಯಾರ್ಥಿಯಂಥವರ ಮಟ್ಟಿಗೆ 1.6 ಎಂಬುದು ಬೇರೊಬ್ಬರ ರೋಗಕ್ಕೆ ಬರೆದ ಚೀಟಿ.

ದುಂಡು ಕಳೆದುಕೊಂಡ ಟೈರು

ಅವನ ಕಾಯಿಲೆ ಬೇರೆ. ಅದನ್ನು ತಿಳಿಯಲು ರಬ್ಬರು ಏಕೆ ಸವೆಯುತ್ತದೆ ಎಂಬುದನ್ನು ನೋಡಬೇಕು. ಉರುಳುವುದರಿಂದಷ್ಟೇ ಟೈರು ಅಷ್ಟಾಗಿ ಸವೆಯುವುದಿಲ್ಲ. ಎಳೆಯುವಾಗ, ತಡೆಯುವಾಗ ನೆಲಕ್ಕೆ ತಾಗಿದ ರಬ್ಬರು ಕಣ್ಣಿಗೆ ಕಾಣದಷ್ಟು ಜಾರುತ್ತದೆ. ಸವೆಸುವುದು ಆ ಜಾರಿಕೆ. ರಬ್ಬರಿನ ಉಜ್ಜುವಿಕೆಯನ್ನು ಜೀವನವಿಡೀ ಅಭ್ಯಾಸ ಮಾಡಿದ ಅಡಾಲ್ಫ್ ಶಲ್ಲಾಮಾಖ್, ಟರ್ನರ್ ಜೊತೆಗೂಡಿ 1960ರಲ್ಲಿ ಜಾರುವ ಚಕ್ರಗಳ ಸವೆತದ ಮೇಲೆ ಒಂದು ಪ್ರಸಿದ್ಧ ಪ್ರಬಂಧ ಪ್ರಕಟಿಸಿದ. ಸವೆತವು ಘರ್ಷಣೆಯಲ್ಲಿ ವ್ಯಯವಾಗುವ ಶಕ್ತಿಗೆ ಅನುಪಾತದಲ್ಲಿದೆ ಎಂಬುದು ಅದರ ತಿರುಳು. ಬಲ ಇಮ್ಮಡಿಯಾದರೆ ಜಾರಿಕೆಯೂ ಇಮ್ಮಡಿ. ಎರಡರ ಗುಣಲಬ್ಧವಾದ ಶಕ್ತಿ ನಾಲ್ಕು ಪಟ್ಟು. ಕಾರಿನಲ್ಲಿ ಬಲವನ್ನು ನಾಲ್ಕು ಚಕ್ರಗಳು ಹಂಚಿಕೊಳ್ಳುತ್ತವೆ. ಒಂಟಿ ಚಕ್ರಕ್ಕೆ ಹಂಚಿಕೊಳ್ಳಲು ಯಾರೂ ಇಲ್ಲ. ಅದೂ ಸವಾರ ಬಹುಪಾಲು ದೂರ ನೇರವಾಗಿ ಹೋಗುವುದರಿಂದ ಸವೆತವೆಲ್ಲ ಟೈರಿನ ನಡುಪಟ್ಟಿಯ ಮೇಲೆಯೇ.

ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಎರಡೂವರೆ ಅಂಗುಲ ಅಗಲದ ಟೈರಿನ ಅಡ್ಡಕೊಯ್ತ ಸುಮಾರು 32 ಮಿಲಿಮೀಟರ್ ತ್ರಿಜ್ಯದ ವೃತ್ತ ಎಂದುಕೊಳ್ಳೋಣ. ಅದರ ತುದಿಯಲ್ಲಿ 2 ಮಿಲಿಮೀಟರ್ ದಪ್ಪದಷ್ಟು ಹೋದರೆ ಉಂಟಾಗುವ ಚಪ್ಪಟೆ ಪಟ್ಟಿಯ ಅಗಲ ಎಷ್ಟು? ಪೈಥಾಗೊರಸ್ ಪ್ರಮೇಯ ಸಾಕು: 22 ಮಿಲಿಮೀಟರ್. ಎರಡು ಮಿಲಿಮೀಟರಿನ ಸವೆತಕ್ಕೆ ಎರಡು ಸೆಂಟಿಮೀಟರಿಗಿಂತ ಹೆಚ್ಚಿನ ಚಪ್ಪಟೆ!

ಇದರಿಂದೇನು? ಒಂದು ಬಳೆಯನ್ನು ನೆಲದ ಮೇಲೆ ಸ್ವಲ್ಪ ವಾಲಿಸಿ ಉರುಳಿಸಿ. ಅದು ವಾಲಿದ ಕಡೆಗೇ ತಿರುಗುತ್ತಾ ಹೋಗುತ್ತದೆ. ಒಂಟಿ ಚಕ್ರದ ಸವಾರ ತಿರುಗುವುದೂ ಹಾಗೆಯೇ. ಅವನಿಗೆ ಹ್ಯಾಂಡಲ್ ಇಲ್ಲ, ವಾಲಿಕೆಯೇ ಹ್ಯಾಂಡಲ್. ಹೊಸ ಟೈರಿನಲ್ಲಿ ವಾಲಿದಷ್ಟೂ ನೆಲ ತಾಗುವ ಬಿಂದು ನಯವಾಗಿ ಪಕ್ಕಕ್ಕೆ ಸರಿಯುತ್ತದೆ. ಚಪ್ಪಟೆಯಾದ ಟೈರು ಹಲಗೆಯಂತೆ ನೆಟ್ಟಗೆ ನಿಲ್ಲಲು ಹವಣಿಸುತ್ತದೆ. ಅದನ್ನು ವಾಲಿಸಲು ಚಪ್ಪಟೆಯ ಅಂಚಿನ ಮೇಲೆ ಎತ್ತಬೇಕು: 1000 ನ್ಯೂಟನ್ ತೂಕ, 11 ಮಿಲಿಮೀಟರ್ ದೂರ, ಅಂದರೆ ಸುಮಾರು 11 ನ್ಯೂಟನ್ ಮೀಟರ್ ತಿರುಚುಬಲ. ರಬ್ಬರು ಬಾಗುವುದರಿಂದ ವಾಸ್ತವದಲ್ಲಿ ಇದು ಇಷ್ಟು ಒರಟಾಗಿರುವುದಿಲ್ಲ. ಆದರೂ ಸವಾರ ಮೊದಲು ಒತ್ತಬೇಕು, ಅಂಚು ದಾಟಿದೊಡನೆ ಚಕ್ರ ತಟ್ಟನೆ ವಾಲುತ್ತದೆ. ರಸ್ತೆಯ ಉದ್ದುದ್ದ ಬಿರುಕು, ಕಾಂಕ್ರೀಟಿನ ಸಂದುಗಳೂ ಚಪ್ಪಟೆಯ ಅಂಚನ್ನು ಹಿಡಿದು ಚಕ್ರವನ್ನು ಅತ್ತಿತ್ತ ಎಳೆಯುತ್ತವೆ. ಹುಡುಗನ ದೂರು ನಿಖರವಾಗಿ ಇದೇ ಆಗಿತ್ತು. ಅವನ ಅಳತೆಗೋಲಿಗಿಂತ ಅವನ ಕಾಲುಗಳು ಹೆಚ್ಚು ಸರಿಯಾಗಿ ಹೇಳಿದ್ದವು.

ಚಪ್ಪಟೆಯನ್ನು ಅಳೆಯಲು ಸುಲಭ ಉಪಾಯವಿದೆ. ಹೊಸ ಟೈರು ಹಾಕಿದ ದಿನವೇ ದಪ್ಪ ರಟ್ಟಿನಲ್ಲಿ ಅದರ ಬೆನ್ನಿನ ಆಕಾರವನ್ನು ಕತ್ತರಿಸಿ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಅದನ್ನು ಟೈರಿನ ಮೇಲೆ ಕೂರಿಸಿ, ಹಿಂದಿನಿಂದ ಟಾರ್ಚು ಹಿಡಿದು ನೋಡಿ. ನಡುವೆ ಬೆಳಕು ಕಾಣುವ ಪಟ್ಟಿಯೇ ಸವೆತ. ಅದು ಟೈರಿನ ಅಗಲದ ಮೂರನೇ ಒಂದು ಭಾಗ ಮುಟ್ಟಿದರೆ, ಗೀರು ಎಷ್ಟೇ ಉಳಿದಿರಲಿ, ಬದಲಿಸುವುದು ಮೇಲು. ಇದು ಯಾವ ನಿಯಮ ಪುಸ್ತಕದ್ದೂ ಅಲ್ಲ. ಮೇಲಿನ ಲೆಕ್ಕದಿಂದ ನಾನು ಇಟ್ಟುಕೊಂಡ ಅಂದಾಜು.

ಜೊತೆಯಿಲ್ಲದ ಚಕ್ರ

ಗೀರಿನ ಆಳ ಹೇಳದ ಇನ್ನೊಂದು ವಿಷಯ ವಯಸ್ಸು. ರಬ್ಬರು ಓಡದಿದ್ದರೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ ಮತ್ತು ಓಝೋನ್ ಅದರ ಉದ್ದನೆಯ ಅಣುಗಳನ್ನು ಬಾಧಿಸಿ, ಪಕ್ಕಗಳಲ್ಲಿ ಸಣ್ಣ ಬಿರುಕುಗಳು ಮೂಡುತ್ತವೆ. 2012ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ, ಸಂಗೀತೋತ್ಸವದಿಂದ ಯುವಜನರನ್ನು ಕರೆದೊಯ್ಯುತ್ತಿದ್ದ ಬಸ್ಸಿನ ಮುಂದಿನ ಟೈರು ಸಿಡಿಯಿತು. ಮೂವರು ಸತ್ತರು. ಟೈರಿನ ಗೀರುಗಳು ಕಾನೂನಿಗೆ ತಕ್ಕಷ್ಟು ಆಳವಾಗಿಯೇ ಇದ್ದವು. ಆದರೆ ಅದರ ವಯಸ್ಸು 19 ವರ್ಷ, ಬಸ್ಸಿಗಿಂತಲೂ ಹಳೆಯದು. ದೀರ್ಘ ಒತ್ತಾಯದ ನಂತರ 2021ರ ಫೆಬ್ರವರಿಯಿಂದ ಬ್ರಿಟನ್ನಿನಲ್ಲಿ ಹತ್ತು ವರ್ಷ ಮೀರಿದ ಟೈರುಗಳನ್ನು ಲಾರಿ, ಬಸ್ಸುಗಳ ಮುಂದಿನ ಅಚ್ಚಿಗೆ ಹಾಕುವುದನ್ನು ನಿಷೇಧಿಸಲಾಯಿತು. ಮಿನಿಬಸ್ಸುಗಳಲ್ಲಿ ಎಲ್ಲ ಒಂಟಿ ಚಕ್ರಗಳಿಗೂ ನಿಷೇಧ ಅನ್ವಯಿಸಿತು. ಹಿಂದಿನ ಅಚ್ಚಿನ ಜೋಡಿ ಚಕ್ರಗಳಲ್ಲಿ ಒಂದು ಸಿಡಿದರೆ ಇನ್ನೊಂದು ಭಾರ ಹೊರುತ್ತದೆ. ಜೊತೆಯಿಲ್ಲದ ಚಕ್ರಕ್ಕೆ ಆ ಆಸರೆ ಇಲ್ಲ. ನಮ್ಮ ವಾಹನದಲ್ಲಿ ಇರುವುದೇ ಜೊತೆಯಿಲ್ಲದ ಚಕ್ರ.

2000ದಿಂದೀಚೆಗೆ ಮೋಟಾರು ವಾಹನದ ಟೈರುಗಳ ಮೇಲೆ ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಒತ್ತುತ್ತಾರೆ. 3519 ಎಂದಿದ್ದರೆ 2019ರ 35ನೇ ವಾರ. ಸೈಕಲ್ ಜಾತಿಯ ಟೈರುಗಳಲ್ಲಿ ಇದು ಸಿಗದಿರಬಹುದು. ಅಂಥಲ್ಲಿ ಟೈರು ಹಾಕಿದ ದಿನಾಂಕವನ್ನು ಕವಚದ ಒಳಮೈ ಮೇಲೆ ಬರೆದಿಡಿ.

ಉಳಿದ ಗುರುತುಗಳಿಗೆ ಲೆಕ್ಕ ಬೇಕಿಲ್ಲ. ಹಳ್ಳಿಯಲ್ಲಿ ಸೈಕಲ್ ಟೈರನ್ನು ನೂಲು ಕಾಣುವ ತನಕ, ಆಮೇಲೂ ಒಳಗೊಂದು ಹಳೆ ಟೈರಿನ ತುಂಡು ಕೂರಿಸಿ ಓಡಿಸಿದವರು ನಾವು. ಅಲ್ಲಿ ಟೈರು ಒಡೆದರೆ ಸೈಕಲ್ ತಳ್ಳಿಕೊಂಡು ಮನೆಗೆ ಬಂದರಾಯಿತು. ನಿಂತು ಓಡಿಸುವ ಒಂಟಿ ಚಕ್ರದಲ್ಲಿ ನೂಲು ಎಲ್ಲಿಯಾದರೂ ಒಂದೆಡೆ ಕಂಡರೂ ಅದರ ಕಥೆ ಮುಗಿಯಿತು. ಪಕ್ಕದಲ್ಲಿ ಬುಗ್ಗೆ ಎದ್ದರೂ ಅಷ್ಟೆ, ಒಳಗಿನ ನೂಲು ಹರಿದಿದೆ ಎಂದರ್ಥ. ಪಂಕ್ಚರುಗಳು ಪದೇ ಪದೇ ಆಗತೊಡಗಿದರೆ ಅದನ್ನು ದುರದೃಷ್ಟವೆನ್ನದೆ, ಮುಳ್ಳಿಗೂ ಗಾಳಿಗೂ ನಡುವಿನ ರಬ್ಬರು ತೆಳುವಾಗಿದೆಯೇ ಎಂದು ನೋಡಿ.

ನನ್ನ ವಿದ್ಯಾರ್ಥಿ ಒಂದು ಶನಿವಾರ ಪೂರ್ತಿ ಖರ್ಚು ಮಾಡಿ ಟೈರು ಬದಲಿಸಿದ. ಹಳೆಯದನ್ನು ಗರಗಸದಲ್ಲಿ ಅಡ್ಡಲಾಗಿ ಕೊಯ್ದು, ಬೆರಳುದ್ದದ ತುಂಡೊಂದನ್ನು ರಜೆಗೆ ಬಂದಾಗ ತಂದುಕೊಟ್ಟ. ನಡುವಿನಲ್ಲಿ ರಬ್ಬರಿನೊಳಗೆ ಅರ್ಧ ಇಳಿದಿದ್ದ ಗಾಜಿನ ಚೂರೊಂದು ಹಾಗೆಯೇ ಇದೆ. ಅದೀಗ ನನ್ನ ಮೇಜಿನ ಮೇಲೆ ಕಾಗದದ ಭಾರವಾಗಿ ಕುಳಿತಿದೆ. ಚಪ್ಪಟೆಯ ಕಡೆಯನ್ನು ಕೆಳಗೆ ಮಾಡಿದರೆ ಅಲುಗಾಡದೆ ನಿಲ್ಲುತ್ತದೆ.